ಸಾಬಣ್ಣ ಕೆಡಿಸಿದ ಹುಲ್ಲಿನ ಪರೀಕ್ಷೆ

ಯಾದಗಿರಿ ಸ್ಟೇಷನ್

ಥಾಯ್ಲೆಂಡಿಗೆ ಹೋಗುತ್ತಿದ್ದೇನೆ ಅಂದಾಗ ಶಹಾಪುರದ ನಮ್ಮ ಪಶು ಆಸ್ಪತ್ರೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ಏನು ನೋಡುವುದಕ್ಕೆ ಎಂದು. ಹುಲ್ಲು ನೋಡುವುದಕ್ಕೆ ಎಂದೆ. ಎರಡನೆಯ ಪ್ರಶ್ನೆ ಯಾರೂ ಕೇಳಲಿಲ್ಲ. ಸುರಪುರದಿಂದ ನಮ್ಮ ಅತ್ತೆ ಮಾತ್ರ ಫೋನು ಮಾಡಿ, ಮಂದಿ ಅಲ್ಲಿಗೆ ಸಮುದ್ರ ನೋಡಲು ಹೋಗಿ ಬರುವಾಗ ಸೀರೆ ತರುತ್ತಾರೆ, ನೀನು ಹುಲ್ಲು ನೋಡಿ ಬರುವಾಗ ಏನು ಸೆಗಣಿ ತರುತ್ತೀಯಾ ಎಂದು ವಿಚಾರಿಸಿಕೊಂಡರು.

ನಾನು ಪಶು ಡಾಕ್ಟರಲ್ಲ, ಪಶು ಪರೀಕ್ಷಕಿ. ಮೂವತ್ತು ವರ್ಷದಿಂದ ಈ ತಾಲೂಕಿನ ದನಗಳಿಗೆ ಸೂಜಿ ಚುಚ್ಚುತ್ತ ಬಂದಿದ್ದೇನೆ. ಜನ ಡಾಕ್ಟ್ರು ಅನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಈಗ ಅದನ್ನೂ ಬಿಟ್ಟಿದ್ದೇನೆ. ಹುಲ್ಲುಗಾವಲು ಬೆಳೆಸುವ ಬಗ್ಗೆ ಕಲಿತು ಬರಲು ಜಿಲ್ಲೆಯಿಂದ ಒಬ್ಬ ನೌಕರರು, ಒಬ್ಬ ನಿಜವಾದ ದನ ಕಾಯುವವರು ಹೋಗಬೇಕು ಎಂದು ಕಾಗದ ಬಂದಿತ್ತು. ನೌಕರಳಾಗಿ ನಾನು ಸಿಕ್ಕಿಬಿದ್ದೆ. ನಿಜವಾದ ದನ ಕಾಯುವವನನ್ನು ಹುಡುಕುವ ಕಷ್ಟ ನನಗಿರಲಿಲ್ಲ. ಸಾಬಣ್ಣ ಇದ್ದ.

ಸಾಬಣ್ಣನ ಊರು ಶಹಾಪುರದ ಕೆಳಗೆ, ಕಾಲುವೆಯ ಪಕ್ಕ. ಹೆಸರು ಹೇಳಿದರೆ ಆ ಊರಿನವರು ನನ್ನ ಜೊತೆ ಜಗಳಕ್ಕೆ ಬರುತ್ತಾರೆ, ಹಾಗಾಗಿ ಹೇಳುವುದಿಲ್ಲ. ನಲವತ್ತು ವರ್ಷದಿಂದ ಅವನು ಊರಿನ ದನಗಳನ್ನೆಲ್ಲ ಒಂದೇ ಹಿಂಡಾಗಿ ಹೊಡೆದುಕೊಂಡು ಹೋಗಿ ಮೇಯಿಸಿಕೊಂಡು ಬರುತ್ತಾನೆ. ದಿನಕ್ಕೊಂದು ಮನೆಯವರು ಅವನಿಗೆ ರೊಟ್ಟಿ ಕಟ್ಟಿಕೊಡುತ್ತಾರೆ, ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಕಾಳು ಬರುತ್ತದೆ. ಕಾಲುವೆ ಬರುವ ಮೊದಲು ಅವನದು ರಾಜನ ಬದುಕಾಗಿತ್ತು. ಜೋಳ ಕೊಯ್ದ ಮೇಲೆ ಇಡೀ ಸೀಮೆ ದನಗಳದೇ. ಕಾಲುವೆ ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ವರ್ಷಕ್ಕೆ ಎರಡು ಬೆಳೆ ಬಂದವು. ಈಗ ಹಸಿರಾಗಿ ಕಂಡದ್ದೆಲ್ಲ ಯಾರದೋ ಭತ್ತ. ದನ ಒಮ್ಮೆ ಬಾಯಿ ಹಾಕಿದರೆ ಜಗಳ, ಎರಡನೇ ಸಲ ಹಾಕಿದರೆ ಕೊಂಡವಾಡ, ಅಂದರೆ ದಂಡ ಕಟ್ಟಿ ಬಿಡಿಸಬೇಕಾದ ದೊಡ್ಡಿ. ಹಿಂಡನ್ನು ಗದ್ದೆಗಳ ನಡುವೆ ಓಣಿಯಂಥ ದಾರಿಯಲ್ಲಿ ಆ ಕಡೆ ಈ ಕಡೆ ನೋಡಗೊಡದೆ ನಡೆಸುವುದೇ ಅವನ ವಿದ್ಯೆಯಾಯಿತು.

ಊರಿಗೆ ಉಳಿದದ್ದು ಹದಿನೆಂಟು ಎಕರೆ ಗಾಯರಾಣ, ಅಂದರೆ ಎಲ್ಲರ ದನಕ್ಕೂ ಸೇರಿದ ಹುಲ್ಲುಗಾವಲು. ಅದಕ್ಕೂ ಕಾಲುವೆಯ ನೀರು ಬಸಿದು ನೆಲ ಜವಳಾಯಿತು. ಹಳೆಯ ಹುಲ್ಲು ಕೊಳೆಯಿತು, ದನ ಮೂಸಿ ಕೂಡ ನೋಡದ ಜೇಕು ಬೆಳೆಯಿತು. ದನ ಮೇಯದ ಗಾಯರಾಣ ಯಾಕೆ ಬೇಕು, ಭತ್ತಕ್ಕೆ ಗುತ್ತಿಗೆ ಕೊಟ್ಟುಬಿಡೋಣ ಎಂದು ಊರ ಗೌಡರು ಪಂಚರ ಮುಂದೆ ಮಾತು ತೆಗೆದಿದ್ದರು. ಅವರು ಕೆಟ್ಟ ಮನುಷ್ಯರಲ್ಲ, ಲೆಕ್ಕದ ಮನುಷ್ಯರು. ನಾವು ಹೊರಡುವ ಸುದ್ದಿ ತಿಳಿದಾಗ ಕರೆಸಿ, "ನೀರಾಗ ನಿಲ್ಲೋ ಹುಲ್ಲು, ದನ ತಿನ್ನೋ ಹುಲ್ಲು, ಎರಡೂ ಇರೋದು ಒಂದು ನೋಡಿ ಬಂದ್ರ ಗಾಯರಾಣ ಉಳೀತದ. ಇಲ್ಲಂದ್ರ ಭತ್ತ. ಆಮ್ಯಾಲ ನನ್ನ ಬೈಬ್ಯಾಡ್ರಿ" ಎಂದರು.

ಹೀಗೆ ಸಾಬಣ್ಣ ಯಾದಗಿರಿ ಸ್ಟೇಷನ್ನಿಗೆ ಬಂದಾಗ ಅವನ ಚೀಲದಲ್ಲಿ ಮೂರು ದಿನದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇದ್ದವು. ತಲೆಯ ಮೇಲೆ ಹದಿನೆಂಟು ಎಕರೆ ಇತ್ತು. ನಾನು ಇದು ಬರೀ ಪ್ರವಾಸ ಎಂದುಕೊಂಡು ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದೆ.

ಹೈದರಾಬಾದಿನ ಗೇಟು

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಾಬಣ್ಣನ ರುಮಾಲು ಬಿಚ್ಚಿಸಿದರು. ಸುತ್ತು ಬಿಚ್ಚುತ್ತ ಹೋದಂತೆ ಸಾಲು ದೊಡ್ಡದಾಯಿತು. ಹಿಂದಿನವರೆಲ್ಲ ಅದರ ಉದ್ದ ನೋಡುತ್ತ ನಿಂತರು. ರುಮಾಲಿನಲ್ಲಿ ಏನೂ ಸಿಗಲಿಲ್ಲ, ಆದರೆ ಸೊಂಟದ ಎಲೆಯಡಿಕೆ ಸಂಚಿಯಲ್ಲಿ ಅವನ ಅಪ್ಪನ ಕಾಲದ ಅಡಕೊತ್ತು ಸಿಕ್ಕಿತು. ಅದನ್ನು ಹಿಡಿದ ಸಿಪಾಯಿ ಒಮ್ಮೆ ಅದರ ಬಾಯಿ ತೆರೆದು ಮುಚ್ಚಿ, ಇದು ಒಳಗೆ ಹೋಗುವ ಹಾಗಿಲ್ಲ ಎಂದ.

ಇದರಿಂದ ಅಡಿಕೆ ಬಿಟ್ಟು ಏನೂ ಕತ್ತರಿಸಿಲ್ಲ ಎಂದು ಸಾಬಣ್ಣ ದಖ್ಖನಿ ಉರ್ದುವಿನಲ್ಲಿ ಆಣೆ ಮಾಡಿದ. ಸಿಪಾಯಿಗೆ ನಗು ಬಂತು, ಅಡಕೊತ್ತು ಬರಲಿಲ್ಲ. ಒಳಗೆ ಕುಳಿತು ಸಾಬಣ್ಣ ಇಡೀ ಅಡಿಕೆಯನ್ನು ಹಲ್ಲಿನಿಂದ ಒಡೆಯಲು ನೋಡಿದ, ಹಲ್ಲೇ ಅಲ್ಲಾಡಿತು. ವಿಮಾನ ನೆಲ ಬಿಟ್ಟಾಗ ನನಗೆ ಹೆದರಿಕೆಯಾಗಿ ಕುರ್ಚಿಯ ಕೈ ಹಿಡಿದುಕೊಂಡಿದ್ದೆ. ಅವನು ಅಡಕೊತ್ತಿನ ದುಃಖದಲ್ಲಿ ವಿಮಾನ ಏರಿದ್ದನ್ನೇ ಗಮನಿಸಲಿಲ್ಲ.

ನೋಯ್ ಅವರ ಊರು

ಬ್ಯಾಂಕಾಕಿನಿಂದ ಬಸ್ಸಿನಲ್ಲಿ ಈಶಾನ್ಯಕ್ಕೆ ಹೋದೆವು. ಕಿಟಕಿಯಾಚೆ ಬರೀ ಭತ್ತ. ಎಷ್ಟು ಹೊತ್ತು ನೋಡಿದರೂ ಭತ್ತ. ಶಹಾಪುರದ ಬಸ್ಸಿನಲ್ಲೇ ಕೂತಿದ್ದೇವೋ ಎನಿಸಿ ಒಮ್ಮೆ ಕಂಡಕ್ಟರ್ ಎಲ್ಲಿ ಎಂದು ತಿರುಗಿ ನೋಡಿದೆ. ಸಾಬಣ್ಣ ಮಾತ್ರ ಗದ್ದೆಯ ಬದಿಗೆ ಹಗ್ಗದಲ್ಲಿ ಕಟ್ಟಿದ ದನಗಳನ್ನು ಎಣಿಸುತ್ತಿದ್ದ. ಬಿಡಿ ದನ ಒಂದೂ ಇಲ್ಲ, ಇಲ್ಲಿಯೂ ನಮ್ಮ ಹಣೆಬರಹವೇ ಎಂದ.

ನಮ್ಮನ್ನು ಇಳಿಸಿಕೊಂಡವರು ನೋಯ್. ಹುಲ್ಲಿನ ತಜ್ಞೆ. ನೋಯ್ ಅಂದರೆ ಅಲ್ಲಿನ ಭಾಷೆಯಲ್ಲಿ ಚಿಕ್ಕದು ಎಂದಂತೆ. ಆಳು ಚಿಕ್ಕವರೇ, ದನಿ ಮಾತ್ರ ಎರಡು ಗದ್ದೆ ದಾಟಿ ಕೇಳುವಂಥದ್ದು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಎರಡೂ ಕುಂಟುವಂಥವೇ ಆದ್ದರಿಂದ ಜೊತೆಯಾಗಿ ಚೆನ್ನಾಗಿ ನಡೆದವು. ಪರೀಕ್ಷೆಯ ದನಗಳನ್ನು ನೋಡಿಕೊಳ್ಳುವವನು ಸೋಮ್ ಎಂಬ ಮುದುಕ. ಎಲ್ಲರೂ ಅವನನ್ನು ಲುಂಗ್ ಸೋಮ್ ಎನ್ನುತ್ತಾರೆ. ಲುಂಗ್ ಅಂದರೆ ದೊಡ್ಡಪ್ಪ. ನಾವು ಅವನ ಮನೆಯಲ್ಲೇ ಉಳಿದೆವು.

ಅಂಗಳದಲ್ಲಿ ಕಂಬದ ಮೇಲೆ ಗೊಂಬೆಯ ಮನೆಯಂಥ ಸಣ್ಣ ಮನೆ, ಅದಕ್ಕೆ ಹೂವು, ಒಂದು ಲೋಟ ಕೆಂಪು ಶರಬತ್ತು. ಜಾಗದ ದೈವ ಅಲ್ಲಿ ಇರುತ್ತದಂತೆ. ನಾವು ಭೂಮಿ ತೆಗೆದುಕೊಂಡರೆ ಮೊದಲಿದ್ದವರನ್ನು ಎಬ್ಬಿಸುವುದು ಹೇಗೆ ಎಂದು ಯೋಚಿಸುತ್ತೇವೆ. ಇವರು ಮೊದಲಿದ್ದ ದೈವಕ್ಕೂ ಒಂದು ಮನೆ ಕಟ್ಟಿಕೊಟ್ಟು ಶರಬತ್ತು ಇಡುತ್ತಾರೆ. ಈ ಪದ್ಧತಿ ನನಗೆ ಬಹಳ ಹಿಡಿಸಿತು.

ಊಟಕ್ಕೆ ಅಂಟು ಅಕ್ಕಿಯ ಅನ್ನ, ಬಿದಿರಿನ ಪುಟ್ಟ ಬುಟ್ಟಿಯಲ್ಲಿ. ಕೈಯಲ್ಲೇ ಉಂಡೆ ಕಟ್ಟಿ ತಿನ್ನಬೇಕು, ಚಮಚದ ಕಾಟವಿಲ್ಲ. ಲುಂಗ್ ಸೋಮ್‌ನ ಹೆಂಡತಿ ಕಾಯಿ ಪಪ್ಪಾಯಿಯ ಎಳೆಗಳನ್ನು ಮೆಣಸಿನಕಾಯಿಯ ಜೊತೆ ಒರಳಿನಲ್ಲಿ ಕುಟ್ಟುತ್ತಿದ್ದಳು. ಎಷ್ಟು ಮೆಣಸಿನಕಾಯಿ ಎಂದು ಬೆರಳು ತೋರಿಸಿ ಕೇಳಿದಳು. ಸಾಬಣ್ಣ ಖಾರ ತಿನ್ನುವ ಸೀಮೆಯವನು, ಎರಡೂ ಕೈಯ ಬೆರಳೆಲ್ಲ ತೋರಿಸಿದ. ಗುಬ್ಬಿಯ ಕೊಕ್ಕಿನಷ್ಟು ಸಣ್ಣ ಮೆಣಸಿನಕಾಯಿ ನೋಡಿ ಅವನಿಗೆ ತಾತ್ಸಾರ. ಎರಡನೆಯ ತುತ್ತಿಗೆ ಬಿಕ್ಕಳಿಕೆ ಹತ್ತಿತು, ಮೂರನೆಯದಕ್ಕೆ ಕಣ್ಣಲ್ಲಿ ನೀರು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ನಾನು ನೆನಪಿಸಿದೆ. ಬಿಕ್ಕಳಿಸುತ್ತಲೇ ಪೂರ್ತಿ ತಿಂದ, ಮಾನದ ಪ್ರಶ್ನೆ.

ಆ ಮುದುಕಿಯೂ ಎಲೆಯಡಿಕೆಯವಳೇ. ಸಾಬಣ್ಣ ಇಡೀ ಅಡಿಕೆ ಕೈಯಲ್ಲಿ ಹಿಡಿದು ಪೇಚಾಡುವುದನ್ನು ನೋಡಿ ತನ್ನ ಡಬ್ಬಿ ಮುಂದೆ ತಳ್ಳಿದಳು. ಅಲ್ಲಿಂದ ಮುಂದೆ ಅವರಿಬ್ಬರ ಸಂಸಾರ ನನ್ನ ಇಂಗ್ಲಿಷಿನ ಹಂಗಿಲ್ಲದೆ ನಡೆಯಿತು. ಅವನು ಕನ್ನಡದಲ್ಲಿ ದನದ ಬೆಲೆ ಹೇಳುವನು, ಅವಳು ಅವಳ ಭಾಷೆಯಲ್ಲಿ ಏನೋ ಹೇಳುವಳು, ಇಬ್ಬರೂ ತಲೆಯಾಡಿಸಿ ಉಗುಳುವರು.

ಸಂಜೆ ಆಕೆ ನನ್ನನ್ನು ಊರಿನ ಬುದ್ಧ ವಿಹಾರಕ್ಕೆ ಕರೆದುಕೊಂಡು ಹೋದಳು. ನಮ್ಮ ಮನೆಯವರು ಬೌದ್ಧರು. ನಮ್ಮ ಅಪ್ಪನ ಕಾಲದಿಂದ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ. ನಿಮ್ಮೂರಿನಲ್ಲಿ ಭಿಕ್ಷುಗಳು ಎಷ್ಟು ಜನ ಎಂದು ಜೊತೆಗೆ ಬಂದಿದ್ದ ನೋಯ್ ಕೇಳಿದರು. ಒಬ್ಬರೂ ಇಲ್ಲ, ವರ್ಷಕ್ಕೊಮ್ಮೆ ಹೊರಗಿನಿಂದ ಕರೆಸುತ್ತೇವೆ ಎಂದೆ. ಬುದ್ಧ ಹುಟ್ಟಿದ ದೇಶದ ಕಡೆಯಿಂದ ಬಂದವಳ ಬಾಯಿಂದ ಇಂಥ ಮಾತು ಕೇಳಿ ಅವರಿಗೆ ನಂಬುವುದಕ್ಕೆ ಆಗಲಿಲ್ಲ. ಆದರೆ ಎಲ್ಲರೂ ಮಂಡಿಯೂರಿ ಬುದ್ಧಂ ಸರಣಂ ಗಚ್ಛಾಮಿ ಎಂಬ ತ್ರಿಸರಣ ಹೇಳಲು ಶುರು ಮಾಡಿದಾಗ ನನಗೆ ಮೈ ಝುಂ ಎಂದಿತು. ರಾಗ ಬೇರೆ, ಶಬ್ದ ನಮ್ಮವೇ. ಅಪ್ಪ ಹೇಳಿಕೊಟ್ಟದ್ದನ್ನು ಜೋರಾಗಿ ಹೇಳಿದೆ. ಮುದುಕಿ ನನ್ನ ಕಡೆ ತಿರುಗಿ, ಇವಳು ನಮ್ಮವಳೇ ಎಂಬಂತೆ ಬೆನ್ನು ತಟ್ಟಿದಳು. ಅಪ್ಪ ಇರಬೇಕಿತ್ತು ಎನಿಸಿತು.

ಕೊಯ್ದು ತೂಗುವ ದಿನ

ನೋಯ್ ಅವರ ಹೊಲ ನೋಡಿ ನಾನು ಬೆರಗಾದೆ. ಗದ್ದೆಯಂತೆಯೇ ಮಡಿಗಳು, ಹಿಮ್ಮಡಿ ಮುಳುಗುವಷ್ಟು ನೀರು, ಅದರಲ್ಲಿ ಸಾಲಾಗಿ ಆರು ಬಗೆಯ ಹುಲ್ಲು. ಪ್ರತಿ ಮಡಿಗೂ ನಂಬರಿನ ಫಲಕ. ಹುಲ್ಲನ್ನು ಭತ್ತಕ್ಕಿಂತ ಮರ್ಯಾದೆಯಿಂದ ಬೆಳೆಸಿದ್ದನ್ನು ನಾನು ನೋಡಿದ್ದು ಅಲ್ಲೇ ಮೊದಲು. ನಾವೆಲ್ಲ ಹುಲ್ಲನ್ನು ಕೀಳುವುದಕ್ಕೇ ಹುಟ್ಟಿದವರು.

ಅವರ ಕೆಲಸ ಹೀಗೆ. ಒಂದು ಚೌಕಟ್ಟು ಇಡುತ್ತಾರೆ, ಅದರೊಳಗಿನ ಹುಲ್ಲನ್ನು ಕುಡುಗೋಲಿನಿಂದ ಕೊಯ್ಯುತ್ತಾರೆ, ಒಣಗಿಸುತ್ತಾರೆ, ತೂಗುತ್ತಾರೆ, ಬರೆಯುತ್ತಾರೆ. ಮೂರನೆಯ ನಂಬರಿನ ಹುಲ್ಲು ಆಳೆತ್ತರ ಇತ್ತು. ಅಗಲ ಎಲೆ, ಕಡುಹಸಿರು, ಗಾಳಿಗೆ ಕಬ್ಬಿನಂತೆ ಸದ್ದು ಮಾಡುತ್ತಿತ್ತು. ತೂಕದಲ್ಲಿಯೂ ಅದೇ ಮುಂದು. ನಾನು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಗೌಡರಿಗೆ ತೋರಿಸಲು ಇದೇ ಸರಿ, ಕೆಲಸ ಮುಗಿಯಿತು, ಇನ್ನು ಸಮುದ್ರ ನೋಡಬಹುದು ಎಂದುಕೊಂಡೆ.

ಸಾಬಣ್ಣ ಮಾತ್ರ ತಕ್ಕಡಿಯ ಹತ್ತಿರವೂ ಬರಲಿಲ್ಲ. ಧೋತರ ಎತ್ತಿ ಕಟ್ಟಿಕೊಂಡು ಪ್ರತಿ ಮಡಿಯ ಮೂಲೆಯಲ್ಲಿ ಇಳಿದು, ದನ ನಡೆದಂತೆ ಮೆಲ್ಲಗೆ ಹೆಜ್ಜೆ ತಿರುಚಿ ಒತ್ತುತ್ತಿದ್ದ. ಮೂರನೆಯ ನಂಬರಿನ ಹುಲ್ಲು ಅವನ ಕಾಲಿಗೆ ಮುರಿದು ಮಲಗಿತು. ಕುಡುಗೋಲಿನ ಹುಲ್ಲು ಬೇರೆ, ಕಾಲ ಕೆಳಗಿನ ಹುಲ್ಲು ಬೇರೆ ಎಂದು ನನ್ನ ಕಡೆ ನೋಡಿದ. ನಮ್ಮೂರಲ್ಲಿ ಹುಲ್ಲನ್ನು ಯಾರು ಕೊಯ್ದು ಹಾಕುತ್ತಾರೆ, ಎಪ್ಪತ್ತು ದನ ಬಂದು ತುಳಿಯುತ್ತವೆ, ಇದು ಎಷ್ಟು ಕಾಲು ತಡೆಯುತ್ತದೆ ಕೇಳಿ ಎಂದ.

ಕೇಳಿದೆ. ನೋಯ್ ನಕ್ಕರು. ಅದನ್ನು ತಿಳಿಯಲೆಂದೇ ನಾಳೆ ಎಂಟು ಆಕಳುಗಳನ್ನು ಒಳಗೆ ಬಿಡುತ್ತೇವೆ ಎಂದರು. ಎರಡು ತಿಂಗಳಿಂದ ಯಾವ ಪ್ರಾಣಿಯನ್ನೂ ಸುಳಿಯಗೊಡದೆ ಮಡಿಗಳನ್ನು ಕಾದಿದ್ದಾರೆ. ಯಾವ ಆಕಳು ಯಾವ ಹುಲ್ಲಿಗೆ ಮೊದಲು ಹೋಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಬೆಳಗಿನಿಂದ ಸಂಜೆಯವರೆಗೆ ಕೂತು ಬರೆಯುತ್ತಾರೆ. ಒಂದು ಸಲ ತುಳಿದ ಮೇಲೆ ಮಡಿ ಮೊದಲಿನಂತಿರುವುದಿಲ್ಲ, ಆದ್ದರಿಂದ ಈ ಹಂಗಾಮಿಗೆ ಪರೀಕ್ಷೆ ಒಂದೇ ಸಲ. ಸಾಬಣ್ಣನಿಗೆ ಹೇಳಿದೆ. ಅವನಿಗೆ ಬಹಳ ಸಮಾಧಾನವಾಯಿತು, ಈ ಹೆಣ್ಣುಮಗಳಿಗೆ ದನದ ಬುದ್ಧಿ ಇದೆ ಎಂದು ಹೊಗಳಿದ.

ಕೆಟ್ಟ ದಿನ

ಬೆಳಿಗ್ಗೆ ನೋಯ್, ಅವರ ಇಬ್ಬರು ಸಹಾಯಕಿಯರು ಮಂಚಿಕೆಯಂಥ ಎತ್ತರದ ಕಟ್ಟೆಯ ಮೇಲೆ ಪೆನ್ನು ಹಿಡಿದು ಕೂತರು. ನಾನೂ ಕೂತೆ. ಸಾಬಣ್ಣ ಕೆಳಗೆ ಬೇಲಿಯ ಬಳಿ ನಿಂತಿದ್ದ. ಲುಂಗ್ ಸೋಮ್ ಗೇಟು ತೆಗೆದ. ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಉಪವಾಸ ಇದ್ದ ಎಂಟು ಆಕಳುಗಳು ಬಂದವು. ಮುಂದಿನ ಬಿಳಿ ಆಕಳು ಮೊದಲ ಮಡಿಯ ಹಸಿರಿಗೆ ಕತ್ತು ಚಾಚಿತು.

ಸಾಬಣ್ಣನ ಗಂಟಲಿಂದ ಒಂದು ಕೂಗು ಹೊರಟಿತು. ಅಂಥ ಕೂಗು ಆ ದೇಶದ ದನಗಳು ಹುಟ್ಟಿದಾಗಿನಿಂದ ಕೇಳಿರಲಿಕ್ಕಿಲ್ಲ. ಬೇಲಿ ಹಾರಿದ, ರುಮಾಲು ಬಿಚ್ಚಿ ಬೀಸಿದ, ಒಂದನ್ನು ಎಡಕ್ಕೆ, ಎರಡನ್ನು ಬಲಕ್ಕೆ ತಿರುಗಿಸಿದ. ನಾವು ಏಳುವಷ್ಟರಲ್ಲಿ ಎಂಟೂ ಆಕಳು ಮಡಿ ಬಿಟ್ಟು ಅಂಚಿನ ಕಾಲುದಾರಿಯ ಮೇಲೆ ಗುಂಪಾಗಿ ನಿಂತಿದ್ದವು. ಒಂದೇ ಒಂದು ಎಸಳು ಹಾಳಾಗಿರಲಿಲ್ಲ. ಮೂವತ್ತು ವರ್ಷದಲ್ಲಿ ಅಷ್ಟು ಚೊಕ್ಕ ಕೆಲಸವನ್ನು ನಾನು ನೋಡಿಲ್ಲ.

ಆಮೇಲೆ ಅವನು ತಿರುಗಿ ನಮ್ಮ ಕಡೆ ನೋಡಿದ. ಭಲೇ ಅನ್ನುತ್ತಾರೆ ಎಂದುಕೊಂಡಿದ್ದನೋ ಏನೋ. ಸಹಾಯಕಿಯರು ತಮ್ಮ ಖಾಲಿ ಹಾಳೆ ನೋಡುತ್ತಿದ್ದರು. ಅವನ ಮುಖ ಮೆಲ್ಲಗೆ ಇಳಿಯಿತು. ಏನು ಮಾಡಿದೆ ಎಂದು ಅವನಿಗೆ ಆಗ ತಿಳಿಯಿತು.

ನೋಯ್ ನಗುತ್ತಿದ್ದರು. ಆ ಸೀಮೆಯಲ್ಲಿ ಸಿಟ್ಟು ಬಂದರೂ ನಗುತ್ತಾರೆ ಎಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ನಮ್ಮ ಕಡೆಯವರಾದರೆ ಮೂರು ತಲೆಮಾರನ್ನು ಎಳೆದು ಬೈದು ಹಗುರಾಗುತ್ತಿದ್ದರು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ನಾಚಿಕೆಯಿಂದ ಕ್ಷಮಿಸಿ, ಕ್ಷಮಿಸಿ ಎಂದು ಎಷ್ಟು ಸಲ ಹೇಳಿದೆನೋ. ಲುಂಗ್ ಸೋಮ್ ಒಬ್ಬನೇ ನಿಜವಾಗಿ ನಗುತ್ತಿದ್ದವನು. ಗೇಟು ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟಿದ್ದ.

ಸಾಬಣ್ಣ ಹುಣಸೆಮರದ ಕೆಳಗೆ ತಲೆ ತಗ್ಗಿಸಿ ಕೂತಿದ್ದ. ನಾನು ಹೋಗಿ ಪಕ್ಕ ಕೂತೆ. "ಬಾಯಾರ, ನಲವತ್ತು ವರ್ಷ ಇದೊಂದೇ ಮಾಡೀನ್ರಿ. ಸಾಲು ಹಚ್ಚಿದ ಹಸರಿಗೆ ದನ ಬಾಯಿ ಚಾಚ್ತಂದ್ರ ಕೈ ತಾನೇ ಏಳ್ತದ. ದನ ಮೇಯ್ಲಿ ಅಂತ ಯಾರರ ಸಾಲು ಹಚ್ತಾರ ಅಂತ ಈ ಕೈಗೆ ಎಲ್ಲಿ ಗೊತ್ತದರಿ" ಎಂದ. ಅವನ ಕಣ್ಣು ತುಂಬಿದ್ದವು. ಗಾಯರಾಣ ನನ್ನ ಕೈಯಿಂದಲೇ ಹೋಯಿತು ಎಂದ. ನನಗೂ ಹಾಗೇ ಅನಿಸಿತ್ತು.

ಆಕಳುಗಳನ್ನು ಮತ್ತೆ ಮಡಿಗೆ ಇಳಿಸಲು ಲುಂಗ್ ಸೋಮ್ ಪುಸಲಾಯಿಸಿದ. ಅವು ಬೆದರಿಬಿಟ್ಟಿದ್ದವು, ಮಡಿಯ ಅಂಚಿಗೆ ಬಂದು ಹಿಂದೆ ಸರಿಯುತ್ತಿದ್ದವು. ಕಾಲುದಾರಿಯ ಮೇಲೆಯೇ ತಲೆ ತಗ್ಗಿಸಿ ಏನನ್ನೋ ಮೇಯುತ್ತ ನಿಂತವು. ಬರೆಯುವವರು ಪೆನ್ನು ಮುಚ್ಚಿ ಕೆಳಗಿಳಿದರು. ಮರದ ಕೆಳಗೆ ಕೂತವನಿಗೆ ನೋಡುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ನನ್ನನ್ನು ಕೈ ಮಾಡಿ ಕರೆದ.

ಮುಂಜಾನೆಯಿಂದ ಆಕಳು ಅಲ್ಲೇ ಇವೆ, ಆದರೂ ನೆಲ ಕಾಣುತ್ತಿಲ್ಲ ನೋಡಿ ಎಂದ. ಹೋಗಿ ಬಗ್ಗಿ ನೋಡಿದೆ. ದಾರಿಯ ತುಂಬ ಗೇಣೆತ್ತರದ ಹುಲ್ಲು, ನಮ್ಮ ಕರಕಿಯ, ಅಂದರೆ ಗರಿಕೆಯ ಹಾಗೆ ಬಳ್ಳಿ ಬಿಟ್ಟು ನೆಲಕ್ಕೆ ಅಂಟಿತ್ತು. ಅದರ ಮೇಲೆ ಆರೂ ಮಡಿಯ ನೀರು ಹರಿಯುತ್ತಿತ್ತು, ದಿನವೂ ಕೂಲಿಯವರು ನಡೆಯುತ್ತಿದ್ದರು, ತಳ್ಳುಗಾಡಿ ಓಡುತ್ತಿತ್ತು. ಸಾಬಣ್ಣ ಎರಡೂ ಕೈಯಿಂದ ಹಿಡಿದು ಎಳೆದ. ಹುಲ್ಲು ಹರಿಯಿತು, ಬೇರು ಬರಲಿಲ್ಲ. ಇದು ಯಾವ ನಂಬರು ಕೇಳಿ ಎಂದ.

ಅದಕ್ಕೆ ನಂಬರೇ ಇಲ್ಲ ಎಂದರು ನೋಯ್. ಬಹಳ ಹಿಂದೆ ಪರೀಕ್ಷೆಯಲ್ಲಿತ್ತು, ತೂಕ ಕಡಿಮೆ ಬಂತು, ಕಿತ್ತು ದಾರಿಗೆ ಎಸೆದೆವು, ಅಲ್ಲೇ ಬೇರು ಬಿಟ್ಟಿತು. ಆಕಳು ಬೆದರಿ ದಾರಿಯಲ್ಲಿ ನಿಂತದ್ದಕ್ಕೆ ಅದನ್ನು ತಿಂದವು, ಇಷ್ಟಪಟ್ಟು ಅಲ್ಲ ಎಂದರು. ಅದು ನ್ಯಾಯದ ಮಾತೇ. ಸಾಬಣ್ಣ ಒಪ್ಪಿದ. ನಾಳೆ ಇನ್ನೊಮ್ಮೆ ಬಿಡಲಿ, ಈ ದಾರಿಯನ್ನೂ ಸೇರಿಸಿ ಬರೆಯಲಿ, ನನ್ನನ್ನು ಬೇಕಾದರೆ ಕಟ್ಟಿಹಾಕಲಿ ಎಂದ. ಮಡಿಗಳಿಗೆ ಏನೂ ಆಗಿರಲಿಲ್ಲ, ಅದು ಅವನದೇ ಕೈಚಳಕ. ನೋಯ್ ಒಂದು ಹಲಗೆಯ ತುಂಡಿಗೆ ಏಳು ಎಂದು ಬರೆದು ದಾರಿಯ ಪಕ್ಕ ನೆಟ್ಟರು.

ಕೈ ಮೇಲೆ ಕೂತ ದಿನ

ಮರುದಿನ ಸಾಬಣ್ಣನನ್ನು ಕಟ್ಟೆಯ ಮೇಲೆ ನನ್ನ ಮತ್ತು ಲುಂಗ್ ಸೋಮ್‌ನ ಹೆಂಡತಿಯ ನಡುವೆ ಕೂರಿಸಿದೆವು. ಅವನು ತಾನಾಗಿಯೇ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಗೇಟು ತೆಗೆದರು. ಬಿಳಿ ಆಕಳು ಹಸಿರಿಗೆ ಬಾಯಿ ಹಾಕಿದಾಗ ಅವನ ಭುಜಗಳು ಎದ್ದವು. ಮುದುಕಿ ಅವನ ಮಂಡಿ ಒತ್ತಿ ಹಿಡಿದಳು.

ಎಂಟೂ ನೆಟ್ಟಗೆ ಮೂರನೆಯ ನಂಬರಿಗೆ ಹೋದವು. ನನಗೆ ಒಳಗೊಳಗೇ ಖುಷಿ, ನನ್ನ ಫೋಟೋ ವ್ಯರ್ಥವಾಗಲಿಲ್ಲ. ಎಲೆಯ ತುದಿಗಳನ್ನು ತಿಂದವು, ದಂಟನ್ನು ಬಿಟ್ಟವು, ಬಿಟ್ಟದ್ದನ್ನು ತುಳಿದವು. ಮಧ್ಯಾಹ್ನದ ಹೊತ್ತಿಗೆ ಮೂರನೆಯ ಮಡಿ ಕೆಸರು. ಆಮೇಲೆ ಎರಡು, ಐದು. ಬಿಸಿಲು ಇಳಿಯುವಾಗ ಬಿಳಿ ಆಕಳು ಯಾರೂ ಹೊಡೆಯದೆ, ಯಾರೂ ಕರೆಯದೆ ದಾರಿಗೆ ಬಂತು. ಉಳಿದವು ಹಿಂದೆ ಬಂದವು. ಅಲ್ಲೇ ಮೇಯ್ದು, ಅಲ್ಲೇ ಮಲಗಿ ಮೆಲುಕು ಹಾಕಿದವು.

"ಮೊದಲ ತಿಂದದ್ದು ಬಾಯಿಗಿ, ಕಡೀಕ ತಿಂದದ್ದು ಹೊಟ್ಟಿಗಿ" ಎಂದ ಸಾಬಣ್ಣ. ನಾನು ನೋಯ್ ಅವರಿಗೆ ಕಷ್ಟಪಟ್ಟು ಹೇಳಿದೆ. ಅವರು ಅದನ್ನು ಹಾಗೇ ಪುಸ್ತಕದಲ್ಲಿ ಬರೆದುಕೊಂಡರು. ಅವರು ಮೋಸದ ಮಾತಾಡುವವರಲ್ಲ. ಇದರಲ್ಲಿ ಹಾಲಿನ ಶಕ್ತಿ ಕಡಿಮೆ, ಹಾಲು ಬೇಕಾದರೆ ಹಿಂಡಿ ಬೇರೆ ಹಾಕಬೇಕು, ನಿಮ್ಮ ಕಪ್ಪು ಮಣ್ಣಿನಲ್ಲಿ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಬೀಜ ಕಳಿಸುತ್ತೇನೆ, ಪರೀಕ್ಷೆ ನೀವೇ ಮಾಡಬೇಕು ಎಂದರು.

ಹೊರಡುವ ದಿನ ಸಾಬಣ್ಣನ ರುಮಾಲಿನ ಸುತ್ತು ಯಾಕೋ ದಪ್ಪಗಿತ್ತು. ಬಿಚ್ಚು ಎಂದೆ. ಒಳಗೆ ಒದ್ದೆ ಬಟ್ಟೆಯಲ್ಲಿ ಬೇರು ಸಮೇತ ನಾಲ್ಕು ಬಳ್ಳಿ. ಹೊರಗಿನ ಬೇರಿನ ಜೊತೆ ಹೊರಗಿನ ರೋಗ ಬರುತ್ತದೆ, ಭತ್ತಕ್ಕೆ ಹತ್ತಿದರೆ ಇಡೀ ಸೀಮೆಗೆ ನಾವೇ ಹೊಣೆ, ಬೀಜ ಸರಕಾರದ ದಾರಿಯಲ್ಲಿ ತಪಾಸಣೆಯಾಗಿ ಬರಲಿ ಎಂದು ಹೇಳಿದೆ. ಅದು ಬರುವಷ್ಟರಲ್ಲಿ ಗೌಡರು ಭತ್ತ ನಾಟಿರುತ್ತಾರೆ ಎಂದು ಗೊಣಗಿದ. ಗೊಣಗಿದರೂ ತಾನೇ ಹೋಗಿ ನಾಲ್ಕನ್ನೂ ದಾರಿಯ ಪಕ್ಕ ಊರಿ, ಮಣ್ಣು ಒತ್ತಿ ಬಂದ. ಲುಂಗ್ ಸೋಮ್‌ನ ಹೆಂಡತಿ ತನ್ನ ಅಡಕೊತ್ತನ್ನು ಅವನ ಕೈಗಿಟ್ಟಳು. ಬ್ಯಾಂಕಾಕಿನ ಗೇಟಿನಲ್ಲಿ ಅದೂ ಹೋಯಿತು.

ಗಾಯರಾಣ

ಊರಿನ ಕಟ್ಟೆಯ ಮೇಲೆ ಪಂಚರು ಕೂತಿದ್ದರು. ನಾನು ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಆಳೆತ್ತರದ ಮೂರನೆಯ ನಂಬರು ಕೈಯಿಂದ ಕೈಗೆ ಹೋಯಿತು. ಎಲ್ಲರ ಮುಖ ಅರಳಿತು. ಇಂಥ ಹುಲ್ಲು ಬರುವುದಾದರೆ ಭತ್ತ ಯಾಕೆ ಎಂದು ಗೌಡರೇ ಅಂದರು. ಸಾಬಣ್ಣ ಹೂಂ ಅಂದಿದ್ದರೆ ಸಾಕಿತ್ತು, ಹದಿನೆಂಟೂ ಎಕರೆ ಆ ಕ್ಷಣಕ್ಕೆ ಅವನ ದನಗಳದು. ಹೂಂ ಅನ್ನು ಎಂದು ನಾನು ಮನಸ್ಸಿನಲ್ಲೇ ಅವನಿಗೆ ಹೇಳುತ್ತಿದ್ದೆ.

ಅದು ಕಾಲಿಗೆ ನಿಲ್ಲುವುದಿಲ್ಲ ಎಂದ ಸಾಬಣ್ಣ. ಗೇಣೆತ್ತರದ ಇನ್ನೊಂದು ಇದೆ, ಅದು ನೀರಿಗೂ ಕಾಲಿಗೂ ನಿಂತದ್ದನ್ನು ನೋಡಿದ್ದೇನೆ, ನಮ್ಮ ಮಣ್ಣಿಗೆ ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲ ಎಂದ. ಅರಳಿದ ಮುಖಗಳು ಮುಚ್ಚಿದವು. ಸಮುದ್ರ ದಾಟಿ ಹೋಗಿ ಗೊತ್ತಿಲ್ಲ ಅಂತ ಹೇಳುವುದಕ್ಕೆ ಬಂದೆಯಾ ಎಂದು ಗೌಡರು ಕೇಳಿದರು.

"ನೋಡಿದ್ದಷ್ಟ ಹೇಳ್ತೀನ್ರಿ ಗೌಡ್ರ. ನೋಡದ್ದು ಹೇಳಿ ದನಕ್ಕ ಮೋಸ ಮಾಡಂಗಿಲ್ಲ. ಗಾಯರಾಣದಾಗ ಎಲ್ಲಾಕಿಂತ ಕೆಟ್ಟ ಮೂಲಿ ಯಾವುದು ಅದ, ಅದನ್ನ ಎರಡು ಎಕರೆ ಕೊಡ್ರಿ. ಒಂದು ವರ್ಷ. ಅಲ್ಲಿ ನಿಲ್ಲಲಿಲ್ಲಂದ್ರ ನೀವು ಭತ್ತ ಹಚ್ಚೋ ದಿನ ಮೊದಲನೇ ಸಸಿ ನಾನೇ ಹಚ್ತೀನಿ."

ಕೆಟ್ಟ ಮೂಲೆ ಬೇಡಿದವನಿಗೆ ಇಲ್ಲ ಅನ್ನುವುದು ಹೇಗೆ ಎಂದು ಪಂಚರಿಗೆ ತಿಳಿಯಲಿಲ್ಲ. ಕೊಟ್ಟರು. ಬೀಜ ಕಾಗದಪತ್ರದ ಮೇಲೆ ತೆವಳಿಕೊಂಡು ಬಂತು, ಬರುವಷ್ಟರಲ್ಲಿ ನನ್ನ ಅರ್ಜಿಗಳ ಕಡತ ಬೀಜದ ಪೊಟ್ಟಣಕ್ಕಿಂತ ದಪ್ಪವಾಗಿತ್ತು. ಬಿತ್ತಿ, ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದೆವು. ಮೊದಲ ಎರಡು ತಿಂಗಳು ಏನೂ ಕಾಣಲಿಲ್ಲ. ಜನ ನನ್ನನ್ನು ನೋಡಿ ನಗುತ್ತಿದ್ದರು. ಕಾಲುವೆಗೆ ನೀರು ಬಿಟ್ಟರು, ಮೂಲೆಯಲ್ಲಿ ಹಿಮ್ಮಡಿಯುದ್ದ ನೀರು ನಿಂತಿತು. ಆ ನೀರಿನಲ್ಲಿ ಹುಲ್ಲು ಬಳ್ಳಿ ಚಾಚಿತು.

ದನ ಬಿಡುವ ದಿನ ಗೊತ್ತು ಮಾಡಿ ಸಾಬಣ್ಣ ನನಗೆ ಫೋನು ಮಾಡಿದ್ದ. ಸ್ಕೂಟರಿನಲ್ಲಿ ಹೋದೆ. ಅಷ್ಟರಲ್ಲಿ ಬೇಲಿಯ ಒಂದು ಕಡೆ ಮುರಿದಿತ್ತು. ಒಳಗೆ ಗೌಡರ ಮುರ್ರಾ ತಳಿಯ ಎಮ್ಮೆ. ಅದನ್ನು ಗೌಡರು ಊರ ಹಿಂಡಿನ ಜೊತೆ ಕೂಡ ಬಿಡುವುದಿಲ್ಲ, ಮನೆಯಲ್ಲೇ ಕಟ್ಟಿ ಹಾಕಿ ಹತ್ತಿಕಾಳು, ಹಿಂಡಿ ಕೊಟ್ಟು ಸಾಕಿದ್ದಾರೆ. ಹಗ್ಗ ಹರಿದುಕೊಂಡು ಬಂದಿತ್ತು. ಹೊಟ್ಟೆಯವರೆಗೆ ಕೆಸರು ಬಳಿದುಕೊಂಡು ನೀರಿನಲ್ಲಿ ನಿಂತು, ಕಚಕ್ ಕಚಕ್ ಎಂದು ಮೇಯುತ್ತಿತ್ತು. ಸಾಬಣ್ಣ ಹೊಡೆಯಲಿಲ್ಲ, ಕೂಗಲಿಲ್ಲ. ಎಪ್ಪತ್ತು ದನಗಳ ಮುಂದೆ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ.

ಗೌಡರು ಹುಡುಕುತ್ತ ಬಂದರು. ಧೋತರ ಎತ್ತಿಕೊಂಡು ನೀರಿಗೆ ಇಳಿದು ಹರಿದ ಹಗ್ಗ ಹಿಡಿದು ಎಳೆದರು. ಎಮ್ಮೆ ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದರು, ತಾವೇ ಜಾರಿ ಕೆಸರಲ್ಲಿ ಕೂತರು. ಊರು ಪೂರ್ತಿ ನೋಡುತ್ತಿತ್ತು, ಯಾರಿಗೂ ನಗುವ ಧೈರ್ಯವಿರಲಿಲ್ಲ. ಕೂತಲ್ಲಿಂದಲೇ ಗೌಡರು ಒಂದು ಹಿಡಿ ಹುಲ್ಲು ಹಿಡಿದು ಎಳೆದು ನೋಡಿದರು. ಹುಲ್ಲು ಹರಿಯಿತು, ಬೇರು ಬರಲಿಲ್ಲ. ಹರಿದ ಹುಲ್ಲನ್ನು ಮೂಸಿದರು, ಎಮ್ಮೆಯ ಮುಖ ನೋಡಿದರು, ಹಗ್ಗ ಬಿಟ್ಟರು.

"ಮೇಯ್ಲಿ ಬಿಡೋ ಸಾಬಣ್ಣ. ಬೇಲಿ ತಗಿ. ಉಳಿದ ಹದಿನಾರಕ್ಕೂ ಇದನ್ನ ಹಚ್ಚು."

ಸಾಬಣ್ಣ ಬರಿಗೈಯಲ್ಲಿ ಜಾಲಿಮುಳ್ಳು ಕೀಳತೊಡಗಿದ. ಕೈ ತುಂಬ ರಕ್ತ, ಮುಖದ ತುಂಬ ನಗು. ದನಗಳು ಅವನನ್ನು ದಾಟಿ ಒಳಗೆ ಹೋದವು. ಎಮ್ಮೆ ತಲೆ ಎತ್ತಿ ಕೂಡ ನೋಡಲಿಲ್ಲ.